ಕಂಕುಳಲ್ಲಿ ಕೂಸು, ಕಣ್ಣೆದುರು ರಾಟೆತೊಟ್ಟಿಲು



ತುಂಗೆಯ ದಡದಲ್ಲಿ ಮಠವೂ ಮನೆಗಳೂ ಅಡಕೆಯ ತೋಟಗಳೂ ಒಂದನ್ನೊಂದು ಒತ್ತಿಕೊಂಡು ನಿಂತಿರುವ ನಮ್ಮ ಹರಿಹರಪುರದಲ್ಲಿ, ಬೇಸಿಗೆಯ ರಜೆ ಸಮೀಪಿಸಿತೆಂದರೆ ಜಗಲಿಯ ಮೇಲೆ ಒಂದು ವಾದ ಆರಂಭವಾಗುವುದನ್ನು ಈಚಿನ ವರ್ಷಗಳಲ್ಲಿ ನಾನು ಕೇಳುತ್ತ ಬಂದಿದ್ದೇನೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನೋ ಅಳಿಯನೋ ದೂರವಾಣಿಯಲ್ಲಿ, "ಈ ಸಲ ನೀವೇ ಎಲ್ಲ ಇಲ್ಲಿಗೆ ಬನ್ನಿ, ಬಿಡದಿಯ ಹತ್ತಿರದ ವಂಡರ್‌ಲಾ ವಿನೋದೋದ್ಯಾನಕ್ಕೆ ಹೋಗಿಬರೋಣ" ಎಂದು ಕರೆಯುತ್ತಾನೆ. ಹತ್ತು ಹನ್ನೆರಡು ವರ್ಷದ ಹುಡುಗರು ಅಂಗಳದಲ್ಲಿ ಕುಣಿಯತೊಡಗುತ್ತಾರೆ. ಅಷ್ಟರಲ್ಲಿ ಒಳಮನೆಯ ತೊಟ್ಟಿಲಿನಿಂದ ಎಂಟು ತಿಂಗಳ ಕೂಸೊಂದು ತನ್ನ ಇರವನ್ನು ತಾರಸ್ವರದಲ್ಲಿ ಜ್ಞಾಪಿಸುತ್ತದೆ. ಈಗತಾನೆ ಹಲ್ಲು ಮೂಡುತ್ತಿರುವ ಕೂಸನ್ನು ಆ ಗದ್ದಲಕ್ಕೆ ಕೊಂಡೊಯ್ಯುವುದುಂಟೇ ಎಂದು ಅಜ್ಜಿ ಹುಬ್ಬು ಗಂಟಿಕ್ಕುತ್ತಾಳೆ. ಮಕ್ಕಳಿಗಾಗಿಯೇ ಕಟ್ಟಿದ ಸ್ಥಳವಲ್ಲವೆ, ಕೂಸೂ ನೋಡಲಿ ಎಂದು ತಂದೆ ವಾದಿಸುತ್ತಾನೆ. ತಾಯಿಯಾದವಳು ಮಾತ್ರ ಬಟ್ಟೆ ಮಡಿಸುತ್ತ ಸುಮ್ಮನಿರುತ್ತಾಳೆ. ಎಲ್ಲರೂ ಹೊರಟು ತಾನೊಬ್ಬಳೇ ಕೂಸಿನೊಡನೆ ಮನೆಯಲ್ಲಿ ಉಳಿಯಬೇಕಾದೀತೆ ಎಂಬ ಶಂಕೆ ಅವಳದು.

ಈ ವಾದದಲ್ಲಿ ಅಜ್ಜಿಯ ಮಾತಿನಲ್ಲಿ ತಥ್ಯವಿದೆ, ತಂದೆಯ ಉತ್ಸಾಹದಲ್ಲಿ ಸೌಜನ್ಯವಿದೆ, ತಾಯಿಯ ಮೌನದಲ್ಲಿ ನ್ಯಾಯವಿದೆ. ಈ ಮೂರನ್ನೂ ಸಮಾಧಾನಗೊಳಿಸುವ ಉಪಾಯವೊಂದಿದ್ದರೆ ಅದು ಯಾವುದೆಂಬುದನ್ನು ಇಂದು ನಿಮ್ಮೊಡನೆ ಸಾವಧಾನವಾಗಿ ಆಲೋಚಿಸಬೇಕೆಂದಿದ್ದೇನೆ.

ವಿನೋದಕ್ಕಾಗಿ ಜನ ಒಂದು ಕಡೆ ನೆರೆಯುವುದು ಹೊಸತೇನೂ ಅಲ್ಲ. ನಮ್ಮ ಸೀಮೆಯಲ್ಲಿ ಆ ಕೆಲಸವನ್ನು ಬಹುಕಾಲದಿಂದ ಮಾಡಿಕೊಂಡು ಬಂದಿರುವುದು ಜಾತ್ರೆ. ಬಾಳೆಹೊನ್ನೂರಿನ ರಂಭಾಪುರಿ ಪೀಠದ ಜಾತ್ರೆಯಾಗಲಿ, ಶೃಂಗೇರಿಯ ನವರಾತ್ರಿಯಾಗಲಿ, ನಮ್ಮೂರ ಶಾರದಾ ಲಕ್ಷ್ಮೀನರಸಿಂಹ ಪೀಠದ ಉತ್ಸವವಾಗಲಿ, ದೇವರ ಹೆಸರಿನಲ್ಲಿ ಹೊರಟ ಸಂಸಾರ ಬೆಂಡು ಬತ್ತಾಸು, ಪೀಪಿ, ಗಿರಿಗಿಟ್ಲೆಗಳನ್ನು ಕೊಂಡುಕೊಳ್ಳದೆ ಹಿಂದಿರುಗಿದ್ದನ್ನು ಯಾರೂ ಕಂಡಿಲ್ಲ. ಮೈಸೂರಿನಲ್ಲಿ ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ ದಸರೆಯ ವಸ್ತುಪ್ರದರ್ಶನ ಮೊದಲಾಯಿತು. ಅವರ ಕಾಲದಲ್ಲಿಯೇ, 1892ರಲ್ಲಿ, ಮೃಗಾಲಯವೂ ಸ್ಥಾಪಿತವಾಯಿತು. ಆ ಮೃಗಾಲಯದಲ್ಲಿ ತಂದೆಯ ಹೆಗಲೇರಿ ಜಿರಾಫೆಯನ್ನು ನೋಡದ ಮಕ್ಕಳು ಹಳೆಯ ಮೈಸೂರು ಸೀಮೆಯಲ್ಲಿ ವಿರಳವೆಂದೇ ಹೇಳಬೇಕು.

ಅದರ ಮರುವರ್ಷ, ಎಂದರೆ 1893ರಲ್ಲಿ, ಅಮೆರಿಕದ ಷಿಕಾಗೋ ನಗರದಲ್ಲಿ ಒಂದು ವಿಶ್ವಮೇಳ ನಡೆಯಿತು. ಸ್ವಾಮಿ ವಿವೇಕಾನಂದರು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನ ಆ ಮೇಳಕ್ಕೆ ಹೊಂದಿಕೊಂಡೇ ಏರ್ಪಟ್ಟದ್ದು ಎಂಬುದನ್ನು ಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಈಗ ಸಣ್ಣಪುಟ್ಟ ಊರಿನ ಜಾತ್ರೆಗೂ ಬಂದು ನಿಲ್ಲುವ ರಾಟೆತೊಟ್ಟಿಲಿನ ಉಕ್ಕಿನ ಅವತಾರ ಮೊದಲು ತಿರುಗಿದ್ದೂ ಅದೇ ಮೇಳದಲ್ಲಿ ಎಂಬುದನ್ನು ಬಲ್ಲವರು ಅಷ್ಟು ಮಂದಿ ಇಲ್ಲ. ಜಾರ್ಜ್ ಫೆರಿಸ್ ಎಂಬ ಇಂಜಿನಿಯರು ಕಟ್ಟಿದ ಆ ಚಕ್ರ 264 ಅಡಿ ಎತ್ತರವಾಗಿತ್ತು. ಅದರಲ್ಲಿ 36 ಪೆಟ್ಟಿಗೆಗಳಿದ್ದವು, ಒಂದೊಂದರಲ್ಲಿ 60 ಜನ ಹಿಡಿಯುತ್ತಿದ್ದರು. ಮನುಷ್ಯನಿಗೆ ಮೇಲೇರಿ ಕೆಳಗಿಳಿಯುವುದರಲ್ಲಿರುವ ಸುಖವನ್ನು ಎರಡು ಸಾವಿರಕ್ಕೂ ಮಿಕ್ಕ ಜನ ಏಕಕಾಲದಲ್ಲಿ ಅನುಭವಿಸುವಂತೆ ಮಾಡಿದ ಯಂತ್ರ ಅದು.

ಅಂದಿನ ಮೇಳಗಳಿಗೂ ಇಂದಿನ ವಿನೋದೋದ್ಯಾನಗಳಿಗೂ ನಡುವೆ ಒಂದು ಬೆಂಚಿನ ಕಥೆ ಬರುತ್ತದೆ. ವಾಲ್ಟ್ ಡಿಸ್ನಿ ಎಂಬ ಚಿತ್ರನಿರ್ಮಾಪಕ ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿನಲ್ಲಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಮರದ ಕುದುರೆಗಳ ಮೇಲೆ ತಿರುಗಲು ಬಿಟ್ಟು, ತಾನು ಬೆಂಚಿನ ಮೇಲೆ ಕುಳಿತಿರುತ್ತಿದ್ದನಂತೆ. ಮಕ್ಕಳು ಆಡುವಾಗ ಹೆತ್ತವರಿಗೆ ಬೇಸರಪಟ್ಟುಕೊಂಡು ಕುಳಿತಿರುವುದಲ್ಲದೆ ಬೇರೆ ಉದ್ಯೋಗವಿಲ್ಲವಲ್ಲ, ಹೆತ್ತವರೂ ಮಕ್ಕಳೂ ಕೂಡಿ ಸಂತೋಷಪಡುವ ಒಂದು ಸ್ಥಳವೇಕೆ ಇರಬಾರದು ಎಂಬ ಆಲೋಚನೆ ಆ ಬೆಂಚಿನ ಮೇಲೆ ಹುಟ್ಟಿತೆಂದು ಆತನೇ ಮುಂದೆ ಹೇಳಿಕೊಂಡಿದ್ದಾನೆ. ಅದರ ಫಲವಾದ ಡಿಸ್ನಿಲ್ಯಾಂಡು 1955ನೆಯ ಇಸವಿ ಜುಲೈ 17ರಂದು ಬಾಗಿಲು ತೆರೆಯಿತು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಇಂತಹ ಉದ್ಯಾನಗಳ ಮೂಲದಲ್ಲಿರುವುದು ಮಕ್ಕಳ ದೂರಲ್ಲ. ಮಕ್ಕಳು ಮರದ ಕುದುರೆಯ ಮೇಲೆ ಸುಖವಾಗಿಯೇ ಇದ್ದರು. ಬೇಸರಗೊಂಡವನು ತಂದೆ.

ಆ ಬಗೆಯ ಉದ್ಯಾನಗಳು ಕಾಲಕ್ರಮದಲ್ಲಿ ನಮ್ಮ ಕಡೆಗೂ ಬಂದವು. ಕೇರಳದ ಕೊಚ್ಚೌಸೇಫ್ ಚಿಟ್ಟಿಲಪ್ಪಿಳ್ಳಿಯವರು 2000ದಲ್ಲಿ ಕೊಚ್ಚಿಯ ಬಳಿ ಒಂದು ವಿನೋದೋದ್ಯಾನವನ್ನು ತೆರೆದು, 2005ರಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯ ಬಿಡದಿಯ ಸಮೀಪದಲ್ಲಿ ಇನ್ನೊಂದನ್ನು ಕಟ್ಟಿದರು. ಅದೇ ನಾನು ಮೊದಲು ಹೆಸರಿಸಿದ ವಂಡರ್‌ಲಾ. ಇಂದು ಮಲೆನಾಡಿನ ಶಾಲೆಗಳು ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವಾಗ ಶ್ರೀರಂಗಪಟ್ಟಣ, ಮೈಸೂರು, ಬೃಂದಾವನಗಳ ಸಾಲಿಗೆ ಅದನ್ನೂ ಸೇರಿಸುತ್ತವೆ. ಬೆಂಗಳೂರಿನ ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ರೈಲನ್ನು ಕಂಡು ನಮ್ಮ ಮಕ್ಕಳು ಚಪ್ಪಾಳೆ ತಟ್ಟುವಾಗ ನನಗೆ ನಗು ಬರುತ್ತದೆ. ಏಕೆಂದರೆ ನಮ್ಮ ನೆರೆಯ ನರಸಿಂಹರಾಜಪುರಕ್ಕೆ ತರೀಕೆರೆಯಿಂದ ಎರಡೇ ಅಡಿ ಅಗಲದ ಹಳಿಗಳ ಮೇಲೆ ಒಂದು ಟ್ರಾಮುಗಾಡಿ ಹಿಂದೆ ನಿಜವಾಗಿಯೇ ಓಡಾಡುತ್ತಿತ್ತು. ಮೊನ್ನೆಯ ತಲೆಮಾರಿಗೆ ವಾಹನವಾಗಿದ್ದುದು ಇಂದಿನ ತಲೆಮಾರಿಗೆ ಆಟವಾಗಿದೆ.

ಇಷ್ಟು ಪೀಠಿಕೆಯ ಬಳಿಕ ಕೂಸಿನ ವಿಷಯಕ್ಕೆ ಬರೋಣ. ಈ ದೊಡ್ಡ ದೊಡ್ಡ ಚಕ್ರಗಳನ್ನೂ ಜಲಪಾತಗಳನ್ನೂ ಎಳೆಗೂಸು ನೋಡುವುದಾದರೂ ಹೇಗೆ? ಹುಟ್ಟಿದ ಹೊಸತರಲ್ಲಿ ಶಿಶುವಿನ ದೃಷ್ಟಿ ಸ್ಪಷ್ಟವಾಗಿ ನಿಲ್ಲುವುದು ಎಂಟು ಹತ್ತು ಅಂಗುಲಗಳಷ್ಟು ದೂರದಲ್ಲಿ. ಮಡಿಲಲ್ಲಿ ಮಲಗಿ ಹಾಲು ಕುಡಿಯುವಾಗ ತಾಯಿಯ ಮುಖ ಎಷ್ಟು ದೂರದಲ್ಲಿರುವುದೋ ಅಷ್ಟೇ ದೂರದಲ್ಲಿ. ಬಣ್ಣಗಳ ಭೇದ ನಾಲ್ಕೈದು ತಿಂಗಳಿಗೆ ಚೆನ್ನಾಗಿ ತಿಳಿಯತೊಡಗುತ್ತದೆ. ಎಂಟು ತಿಂಗಳಿಗೆ ದೂರದ ವಸ್ತುವೂ ಕಾಣುವುದು ನಿಜವೇ. ಆದರೆ ಆ ವಯಸ್ಸಿನಲ್ಲಿ ಅದರ ಕುತೂಹಲ ಕೈಗೆಟಕುವುದರ ಮೇಲೆ, ಕೈಗೆಟಕಿದುದನ್ನು ಬಾಯಿಗೆ ಒಯ್ಯುವುದರ ಮೇಲೆ. ಆಕಾಶದಲ್ಲಿ ಕಿರುಚುತ್ತ ಹಾದುಹೋಗುವ ಮೂವತ್ತು ಜನರ ಬಂಡಿ ಅದಕ್ಕೆ ಒಂದು ಕ್ಷಣದ ಸದ್ದು. ಎದುರಿಗಿರುವ ಅಂಗಿಯ ಗುಂಡಿ ಒಂದು ಗಳಿಗೆಯ ಸಂಶೋಧನೆ.

ಇದನ್ನು ನಾನು ಇಂತಹ ಒಂದು ಉದ್ಯಾನದಲ್ಲಿ ಕಣ್ಣಾರೆ ಕಂಡದ್ದುಂಟು. ಹೊಂಗೆಯ ಮರದ ನೆರಳಿನಲ್ಲಿ ಒಬ್ಬ ಅಜ್ಜಿ ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಎದುರಿಗೆ ಮನೆಯ ಮಾಡಿಗಿಂತ ಎತ್ತರದ ಜಾರುಬಂಡೆಗಳಿಂದ ಜನ ನೀರಿನೊಡನೆ ಧುಮುಕುತ್ತಿದ್ದರು. ಬಣ್ಣಬಣ್ಣದ ಬಂಡಿಗಳು ತಲೆಕೆಳಗಾಗಿ ತಿರುಗುತ್ತಿದ್ದವು. ಅಜ್ಜಿ ಕೂಸಿನ ಗಲ್ಲವನ್ನು ಹಿಡಿದು ಆ ಕಡೆಗೆ ತಿರುಗಿಸಿ, "ಅಲ್ನೋಡು, ಅಲ್ನೋಡು" ಎನ್ನುತ್ತಿದ್ದರು. ಕೂಸು ತಿರುಗಿದ ಮುಖವನ್ನು ಮತ್ತೆ ಹಿಂದಕ್ಕೆ ತಿರುಗಿಸಿಕೊಂಡು, ಅಜ್ಜಿಯ ಮಣಿಕಟ್ಟಿನಲ್ಲಿದ್ದ ಹಸಿರು ಗಾಜಿನ ಬಳೆಗಳನ್ನು ಒಂದೊಂದಾಗಿ ಮೇಲಕ್ಕೆ ಸರಿಸಿ ಬಿಡುತ್ತಿತ್ತು. ಬಳೆ ಕೆಳಗಿಳಿದು ಇನ್ನೊಂದು ಬಳೆಗೆ ತಾಗಿ ಕಿಣಿ ಎನ್ನುತ್ತಲೇ ಎರಡು ಹೊಸ ಹಲ್ಲುಗಳನ್ನು ತೋರಿಸಿ ನಗುತ್ತಿತ್ತು. ನಕ್ಕು, ಮತ್ತೆ ಸರಿಸುತ್ತಿತ್ತು. ಕಡೆಗೆ ಅಜ್ಜಿಯೇ ಜಾರುಬಂಡೆಯನ್ನು ನೋಡುವುದನ್ನು ಬಿಟ್ಟು ಬಳೆಯ ಆಟಕ್ಕೆ ಒಪ್ಪಿಕೊಂಡರು. ಅಷ್ಟು ದೂರ ಬಂದು ಅಷ್ಟು ಹಣ ತೆತ್ತು ಮನೆಯ ಬಳೆಗಳೊಡನೆ ಆಡುವುದೆ ಎಂದು ನೋಡಿದವರಿಗೆ ಅನ್ನಿಸಬಹುದು. ಕೂಸಿಗೆ ಹಾಗೆ ಅನ್ನಿಸಲು ಕಾರಣವೇ ಇಲ್ಲ.

ಶೃಂಗೇರಿಯಲ್ಲಿಯೂ ಇದೇ. ಶಾರದೆಯ ಸನ್ನಿಧಿಯಲ್ಲಿ ಅನ್ನಪ್ರಾಶನ ಮಾಡಿಸಿಕೊಂಡು, ವಿದ್ಯಾಶಂಕರ ದೇಗುಲದ ಹಿಂದಿನ ಸೋಪಾನಗಳನ್ನಿಳಿದು, ತುಂಗೆಯ ಮೀನುಗಳಿಗೆ ಮಂಡಕ್ಕಿ ಎರಚುವ ಸಂಸಾರಗಳನ್ನು ನೋಡಿ. ತಂದೆ ತಾಯಿಯರು ಮೈಮರೆತು ಮೀನುಗಳನ್ನು ನೋಡುತ್ತಿರುತ್ತಾರೆ. ಕಂಕುಳ ಕೂಸಿನ ದೃಷ್ಟಿ ತಂದೆಯ ಅಂಗೈಯ ಮಂಡಕ್ಕಿಯ ಮೇಲೆ. ದೇವಾಲಯವಾಗಲಿ ವಿನೋದಾಲಯವಾಗಲಿ, ಕೂಸು ತನ್ನ ಪ್ರಪಂಚವನ್ನು ತನ್ನೊಡನೆಯೇ ಕೊಂಡೊಯ್ಯುತ್ತದೆ. ಅದರ ವ್ಯಾಸ ಒಂದು ಮೊಳ.

ಇನ್ನು ನೆನಪಿನ ಮಾತು. ಬಾಲ್ಯದ ಮೊದಲ ಎರಡು ಮೂರು ವರ್ಷಗಳ ಘಟನೆಗಳು ದೊಡ್ಡವರಾದ ಮೇಲೆ ನಮಗಾರಿಗೂ ಜ್ಞಾಪಕದಲ್ಲಿ ಉಳಿಯುವುದಿಲ್ಲವೆಂಬುದು ಮನಶ್ಶಾಸ್ತ್ರಜ್ಞರು ಬಹುಕಾಲದಿಂದ ಹೇಳುತ್ತ ಬಂದಿರುವ ಸಂಗತಿ. ಅದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಕಾದುದಿಲ್ಲ, ನಮ್ಮ ನಮ್ಮ ತೊಟ್ಟಿಲಿನ ಕಾಲವನ್ನು ನೆನೆಸಿಕೊಳ್ಳಲು ಪ್ರಯತ್ನಿಸಿದರೆ ಸಾಕು. ಹೀಗೆ ಕೂಸು ಆ ಸ್ಥಳವನ್ನು ನೋಡುವುದೂ ಇಲ್ಲ, ನೋಡಿದುದನ್ನು ನೆನೆಯುವುದೂ ಇಲ್ಲ ಎಂದ ಮೇಲೆ, ಅದಕ್ಕಾಗಿ ನಾವು ಹೋಗುತ್ತಿದ್ದೇವೆಂಬ ಮಾತು ನಿಲ್ಲುವುದಿಲ್ಲ. ನಾವು ಹೋಗುವುದು ನಮಗಾಗಿ. ಇದನ್ನು ಒಪ್ಪಿಕೊಳ್ಳುವುದರಲ್ಲಿ ಲಜ್ಜೆಪಡತಕ್ಕದ್ದು ಏನೂ ಇಲ್ಲ. ಒಪ್ಪಿಕೊಳ್ಳದಿರುವುದರಿಂದ ಮಾತ್ರ ಅನೇಕ ಕೇಡುಗಳು ಹುಟ್ಟುತ್ತವೆ.

ಮೊದಲನೆಯ ಕೇಡು ಕೂಸಿಗೆ. 'ನಿನಗಾಗಿ ಬಂದೆವು' ಎಂಬ ಭಾವನೆ ಹೆತ್ತವರ ತಲೆಯಲ್ಲಿ ಹೊಕ್ಕಿತೆಂದರೆ, ಮಧ್ಯಾಹ್ನದ ಬಿಸಿಲಿಗೆ ಕೂಸು ರಚ್ಚೆಹಿಡಿದಾಗ ಅದು ಕೃತಘ್ನತೆಯಂತೆ ಅವರಿಗೆ ತೋರುತ್ತದೆ. ಅಳುವ ಮಗುವನ್ನು ನಗಿಸಲೆಂದು ಇನ್ನೊಂದು ಗದ್ದಲದ ಕಡೆಗೆ ಎತ್ತಿಕೊಂಡು ಹೋಗುತ್ತಾರೆ. ಕರಡಿಯ ವೇಷ ಹಾಕಿದ ಮನುಷ್ಯನ ತೋಳಿಗೆ ಅದನ್ನು ಕೊಟ್ಟು ಛಾಯಾಚಿತ್ರ ತೆಗೆಯಲು ನಿಲ್ಲುತ್ತಾರೆ. ಏಳೆಂಟು ತಿಂಗಳಿನ ಹೊತ್ತಿಗೆ ಶಿಶುವಿಗೆ ತನ್ನವರು ಯಾರು, ಹೊರಗಿನವರು ಯಾರು ಎಂಬ ವಿವೇಕ ಮೊಳೆಯುತ್ತದೆ, ಅಪರಿಚಿತ ಮುಖ ಕಂಡರೆ ಅದು ಅಂಜುತ್ತದೆ. ಅಂತಹ ಕಾಲದಲ್ಲಿಯೇ ಆಳೆತ್ತರದ ಕರಡಿ ಅದನ್ನು ಎದೆಗಪ್ಪಿಕೊಂಡರೆ ಏನಾದೀತು? ಯಕ್ಷಗಾನದ ಬಯಲಾಟಗಳಲ್ಲಿ ಕೂಸುಗಳನ್ನು ಮಡಿಲಲ್ಲಿಟ್ಟುಕೊಂಡು ರಾತ್ರಿ ಕಳೆದ ತಾಯಂದಿರು ಇದನ್ನು ಚೆನ್ನಾಗಿ ಬಲ್ಲರು. ಚಂಡೆಯ ಅಬ್ಬರದಲ್ಲಿ ನಿಶ್ಚಿಂತೆಯಾಗಿ ಮಲಗಿರುವ ಶಿಶು ಬಣ್ಣದ ವೇಷ ಸಮೀಪಕ್ಕೆ ಬಂದಿತೆಂದರೆ ಎಚ್ಚತ್ತು ಕಿರಿಚುವುದುಂಟು. ಅವರು ವೇಷಕ್ಕೆ ಬೆನ್ನು ಮಾಡಿ, ಸೆರಗು ಹೊದಿಸಿ ಕೂರುತ್ತಿದ್ದರೇ ಹೊರತು ವೇಷಧಾರಿಯ ಕೈಗೆ ಕೂಸನ್ನು ಕೊಡುತ್ತಿರಲಿಲ್ಲ.

ಎರಡನೆಯ ಕೇಡು ತಾಯಿಗೆ, ಮತ್ತು ನನ್ನ ಮಾತಿನ ಮುಖ್ಯಭಾಗ ಇದೇ. ಮಲೆನಾಡಿನ ಬಾಣಂತನವನ್ನು ಕಂಡವರಿಗೆ ಅದರ ಸ್ವರೂಪವನ್ನು ವಿವರಿಸಬೇಕಾದುದಿಲ್ಲ. ಆಷಾಢದ ಮಳೆ ಹಗಲಿರುಳು ಸುರಿಯುತ್ತಿರುವಾಗ, ಕತ್ತಲೆಯ ಕೋಣೆಯಲ್ಲಿ, ಬಚ್ಚಲೊಲೆಯ ಹೊಗೆ, ಎಣ್ಣೆನೀರು, ಸಾಂಬ್ರಾಣಿ, ಒಣಗದ ಬಟ್ಟೆಗಳು, ಒಳಲೆ, ಬಜೆ, ಕಾಡಿಗೆ ಇವುಗಳ ನಡುವೆ ತಿಂಗಳುಗಟ್ಟಲೆ ಕಳೆದ ಹೆಣ್ಣುಮಗಳು ತವರಿನಿಂದ ಗಂಡನ ಮನೆಗೆ ಬರುತ್ತಾಳೆ. ಬಂದ ಮೇಲೆ ಕೂಸಿನ ನಿದ್ರೆಯೇ ಅವಳ ಗಡಿಯಾರ, ಕೂಸಿನ ಹಸಿವೆಯೇ ಅವಳ ಪಂಚಾಂಗ. ಇಪ್ಪತ್ತೈದು ವರ್ಷದ ಆ ಹುಡುಗಿಗೆ ಎತ್ತರದಿಂದ ಜಾರಿ ನೀರಿಗೆ ಬೀಳಬೇಕೆಂಬ, ಗಂಟಲು ಬಿರಿಯುವಂತೆ ಕೂಗಬೇಕೆಂಬ ಆಸೆ ಇಲ್ಲವೆಂದು ನಾವು ಏಕೆ ಭಾವಿಸಬೇಕು? ವಿನೋದ ಕೂಸಿನದೆಂದು ಸಾರಿದರೆ, ಕೂಸನ್ನು ಹಿಡಿದುಕೊಳ್ಳತಕ್ಕ ತಾಯಿ ದಿನವಿಡೀ ಬೆಂಚಿನ ಮೇಲೆಯೇ ಉಳಿಯುತ್ತಾಳೆ. ಗಂಡಸರೂ ಹುಡುಗರೂ ಒದ್ದೆಯಾಗಿ ಬಂದು ತಮ್ಮ ಸಾಹಸಗಳನ್ನು ವರ್ಣಿಸುತ್ತಾರೆ. ಅವಳು ಚೀಲಗಳನ್ನೂ ಚಪ್ಪಲಿಗಳನ್ನೂ ಕಾದುಕೊಂಡಿರುತ್ತಾಳೆ. ಡಿಸ್ನಿಯ ಬೇಸರ ಬೆಂಚಿನಿಂದೆದ್ದು ಉದ್ಯಾನವಾಯಿತು. ನಮ್ಮ ಸೊಸೆಯ ಬೇಸರಕ್ಕೆ ಉದ್ಯಾನದೊಳಗೂ ಬೆಂಚೇ ಗತಿಯಾಗಬಾರದು.

ಶೃಂಗೇರಿಯ ಸ್ಥಳಪುರಾಣವನ್ನು ಈ ಸಂದರ್ಭದಲ್ಲಿ ಜ್ಞಾಪಿಸಿಕೊಳ್ಳುವುದು ಅಪ್ರಸ್ತುತವಾಗದು. ಶ್ರೀ ಶಂಕರ ಭಗವತ್ಪಾದರು ಪೀಠಕ್ಕೆ ಯೋಗ್ಯವಾದ ನೆಲವನ್ನು ಅರಸುತ್ತ ತುಂಗಾತೀರಕ್ಕೆ ಬಂದಾಗ, ಬಿಸಿಲಿನಲ್ಲಿ ಪ್ರಸವವೇದನೆಪಡುತ್ತಿದ್ದ ಒಂದು ಕಪ್ಪೆಗೆ ನಾಗರಹಾವೊಂದು ಹೆಡೆಬಿಚ್ಚಿ ನೆರಳು ಮಾಡಿದ್ದನ್ನು ಕಂಡು, ಸಹಜವೈರವನ್ನೂ ಮರೆಸುವ ಭೂಮಿ ಇದೆಂದು ಅಲ್ಲಿಯೇ ನೆಲೆನಿಂತರೆಂದು ಹೇಳುತ್ತಾರೆ. ಸ್ನಾನಘಟ್ಟದ ಬಳಿಯ ಕಪ್ಪೆಶಂಕರ ಆ ಐತಿಹ್ಯದ ಗುರುತು. ಆ ಕಥೆಯಲ್ಲಿ ಉಪಚಾರ ನಡೆದದ್ದು ಇನ್ನೂ ಹುಟ್ಟದ ಮರಿಗಳಿಗಲ್ಲ, ನೋಯುತ್ತಿದ್ದ ತಾಯಿಗೆ. ತಾಯಿಗೆ ನೆರಳಾದರೆ ಕೂಸಿಗೆ ನೆರಳಾದಂತೆಯೇ ಎಂಬ ವಿವೇಕ ನಮ್ಮ ಸೀಮೆಗೆ ಪರಕೀಯವಲ್ಲ.

ಹಾಗಾದರೆ ವ್ಯವಸ್ಥೆ ಹೇಗಿರಬೇಕು? ದೊಡ್ಡವರು ಸರದಿ ಹಾಕಿಕೊಳ್ಳಬೇಕು; ಅದೊಂದೇ ಮೂಲಮಂತ್ರ. ಪರದೇಶದ ಅನೇಕ ಉದ್ಯಾನಗಳಲ್ಲಿ ಇದಕ್ಕಾಗಿ ಒಂದು ನಿಯಮವೇ ಇದೆ: ತಂದೆ ಸಾಲಿನಲ್ಲಿ ನಿಂತು ಆಟವಾಡಿ ಬರುವವರೆಗೆ ತಾಯಿ ಕೂಸನ್ನು ಹಿಡಿದಿರುತ್ತಾಳೆ, ಬಳಿಕ ಆತ ಕೂಸನ್ನು ಹಿಡಿದುಕೊಂಡರೆ ತಾಯಿ ಮತ್ತೆ ಸಾಲು ನಿಲ್ಲದೆ ನೇರವಾಗಿ ಒಳಹೋಗಬಹುದು. ಅಂತಹ ನಿಯಮವಿಲ್ಲದ ಕಡೆ ಅದನ್ನು ಮನೆಯ ನಿಯಮವಾಗಿ ಮಾಡಿಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಮೊದಲ ಸರದಿ ತಾಯಿಯದಾಗಿರಲಿ. ಏಕೆಂದರೆ ಬೆಳಗಿನ ಹೊತ್ತು ಕೂಸು ಹಾಲುಂಡು ಪ್ರಸನ್ನವಾಗಿರುತ್ತದೆ, ಸಾಲುಗಳು ಚಿಕ್ಕವಾಗಿರುತ್ತವೆ. ಮಧ್ಯಾಹ್ನದ ಮೇಲೆ ಕೂಸು ಮುನಿಯಿತೆಂದರೆ ಅದು ಕೇಳುವುದು ತಾಯಿಯನ್ನೇ, ಆಗ ಅವಳ ಸರದಿ ಬಂದರೂ ಬರದಂತೆಯೇ.

ಪ್ರಯಾಣದ ವಿಚಾರವಾಗಿಯೂ ಎರಡು ಮಾತು. ಹರಿಹರಪುರದಿಂದ ಬೆಂಗಳೂರು 300 ಕಿಲೋಮೀಟರಿಗೂ ಮಿಕ್ಕಿದ ಹಾದಿ. ಕೊಪ್ಪ, ಬಾಳೆಹೊನ್ನೂರು, ಚಿಕ್ಕಮಗಳೂರು ಎಂದು ಕಾಫಿತೋಟಗಳ ನಡುವೆ ಬಳಸಿ ಬಳಸಿ ಹೋಗುವ ರಸ್ತೆಯ ತಿರುವುಗಳಲ್ಲಿ ದೊಡ್ಡವರ ಹೊಟ್ಟೆಯೇ ತೊಳಸುತ್ತದೆ. ರಾತ್ರಿಯ ಬಸ್ಸಿನಲ್ಲಿ ಕೂಸು ಸುಖವಾಗಿ ನಿದ್ರಿಸೀತು, ಆದರೆ ಅದನ್ನು ತೊಡೆಯಲ್ಲಿಟ್ಟುಕೊಂಡವರು ನಿದ್ರಿಸಲಾರರು. ಬೆಳಗ್ಗೆ ಇಳಿದವರೇ ನೇರವಾಗಿ ಉದ್ಯಾನಕ್ಕೆ ಹೊರಟರೆ, ಚೆನ್ನಾಗಿ ನಿದ್ರೆಯಾದ ಒಂದು ಕೂಸೂ ನಿದ್ರೆಯಿಲ್ಲದ ನಾಲ್ವರು ಹಿರಿಯರೂ ಎದುರುಬದುರಾಗುತ್ತಾರೆ. ನಡುವೆ ಒಂದು ದಿನದ ವಿಶ್ರಾಂತಿ ಇರಲೇಬೇಕು. ಕಾರಿನಲ್ಲಿ ಹೋಗುವವರು ಕೂಸಿಗೆಂದೇ ಮಾಡಿದ ಪಟ್ಟಿಗಳ ಆಸನವನ್ನು ಹಿಂದಿನ ಸೀಟಿನಲ್ಲಿ ಬಿಗಿಸಿಕೊಳ್ಳುವುದು ಒಳ್ಳೆಯದು. ಗಾಡಿ ಗಕ್ಕನೆ ನಿಂತಾಗ ತೋಳಿನ ಹಿಡಿತವನ್ನು ನೆಚ್ಚುವಂತಿಲ್ಲ.

ಉದ್ಯಾನವನ್ನು ಸೇರಿದ ಬಳಿಕ ಕೂಸಿಗೆ ಸಂಬಂಧಿಸಿದ ನಿಯಮಗಳು ಸರಳವಾಗಿವೆ. ಬಿಡದಿಯ ಉದ್ಯಾನದಲ್ಲಿ ಮಕ್ಕಳ ದರ್ಜೆ ನಿರ್ಧಾರವಾಗುವುದು ವಯಸ್ಸಿನಿಂದಲ್ಲ, ಎತ್ತರದಿಂದ. ಎಂಟು ತಿಂಗಳ ಕೂಸಿನ ಉದ್ದ 70 ಸೆಂಟಿಮೀಟರಿನ ಆಸುಪಾಸಿನಲ್ಲಿರುವುದರಿಂದ, ರಭಸದ ಯಂತ್ರಗಳ ಬಳಿ ನಿಲ್ಲಿಸಿರುವ ಅಳತೆಯ ಗೆರೆಗಳೆಲ್ಲ ಅದರ ತಲೆಯಿಂದ ಬಹಳ ಮೇಲೆ. ಇದು ಅವಮಾನವಲ್ಲ, ಶರೀರಶಾಸ್ತ್ರ. ಹುಟ್ಟಿದ ಶಿಶುವಿನ ಉದ್ದದಲ್ಲಿ ಕಾಲುಭಾಗ ತಲೆಯೇ. ಅಷ್ಟು ಭಾರವನ್ನು ಹೊತ್ತ ಕುತ್ತಿಗೆಯ ಸ್ನಾಯುಗಳು ಇನ್ನೂ ಎಳಸು, ಆದುದರಿಂದ ತೊಟ್ಟಿಲಿನ ಮೃದುವಾದ ತೂಗು ಹಿತವಾದರೂ ಯಂತ್ರದ ಜಗ್ಗು ಅಪಾಯ. ನೀರಿನ ಕೊಳಗಳ ವಿಷಯದಲ್ಲಿಯೂ ಎಚ್ಚರ ಬೇಕು. ದಪ್ಪಲೆಯ ನೀರಿಗಿಂತ ಲೋಟದ ಕಾಫಿ ಬೇಗ ಆರುವಂತೆ, ತೂಕಕ್ಕೆ ಹೋಲಿಸಿದರೆ ಮೈಯ ವಿಸ್ತಾರ ಹೆಚ್ಚಾಗಿರುವ ಕೂಸಿನ ಶಾಖ ನೀರಿನಲ್ಲಿ ಬಲುಬೇಗ ಸೋರಿಹೋಗುತ್ತದೆ. ಬಚ್ಚಲಿನ ಹದವಾದ ಬಿಸಿನೀರಿಗೆ ಒಗ್ಗಿದ ಮಲೆನಾಡ ಕೂಸಿಗಂತೂ ಕ್ಲೋರಿನ್ ಬೆರೆತ ತಣ್ಣೀರು ಹಿತವಲ್ಲ. ಕಾಲು ತೋಯಿಸಿ, ಅಂಗೈಯಿಂದ ನೀರನ್ನು ಒಮ್ಮೆ ಬಡಿಯಲು ಬಿಟ್ಟು, ಒರೆಸಿ ಎತ್ತಿಕೊಂಡರೆ ಅದರ ಜಲವಿಹಾರ ಸಾಂಗವಾಯಿತು.

ಬಿಸಿಲಿಗೆ ಕುಲಾವಿಗಿಂತ ನೆರಳು ಮೇಲು. ಆರು ತಿಂಗಳು ತುಂಬದ ಶಿಶುವಿಗೆ ತಾಯಿಯ ಹಾಲಲ್ಲದೆ ನೀರನ್ನೂ ಕೊಡಬೇಕಾದುದಿಲ್ಲ; ಆರು ತುಂಬಿದ ಮೇಲೂ ಉದ್ಯಾನದ ಅಂಗಡಿಯ ತಿಂಡಿಯನ್ನು ಅದರ ಬಾಯಿಗಿಡದೆ, ಮೆತ್ತಗೆ ಕಿವುಚಿದ ಬಾಳೆಹಣ್ಣೋ ರಾಗಿಯ ಸರಿಯೋ ಜೊತೆಯಲ್ಲಿರಲಿ, ಹೊರಗಿನ ಆಹಾರವನ್ನು ಒಳಗೆ ಬಿಡದ ಕಡೆಗಳಲ್ಲಿಯೂ ಶಿಶುವಿನ ಆಹಾರಕ್ಕೆ ಅವಕಾಶವಿದೆಯೇ ಎಂದು ಬಾಗಿಲಲ್ಲಿಯೇ ವಿಚಾರಿಸಿರಿ. ಹಾಲೂಡಿಸಲು ಮರೆಯಾದ ಕೋಣೆ ಎಲ್ಲಿದೆ, ಬಟ್ಟೆ ಬದಲಿಸುವ ಸ್ಥಳ ಎಲ್ಲಿದೆ ಎಂಬುದನ್ನು ರಾಟೆ ಎಲ್ಲಿದೆ ಎಂದು ಕೇಳುವುದಕ್ಕೆ ಮುನ್ನ ಕೇಳಿರಿ. ಧ್ವನಿವರ್ಧಕದ ಬಾಯಿಗೆ ಎದುರಾಗಿ ಕೂಸನ್ನು ಹಿಡಿದು ನಿಲ್ಲಬೇಡಿ. ದಿನದ ಕಾರ್ಯಕ್ರಮದಲ್ಲಿ ಅದರ ಎರಡು ನಿದ್ರೆಗಳನ್ನು ಮೊದಲು ಬರೆದುಕೊಂಡು, ಉಳಿದ ಕಾಲದಲ್ಲಿ ನಿಮ್ಮ ಆಟಗಳನ್ನು ತುಂಬಿಕೊಳ್ಳಿ. ಇಷ್ಟು ಮಾಡಿದವರಿಗೆ ಅಜ್ಜಿಯ ಆಕ್ಷೇಪಣೆಯಲ್ಲಿದ್ದ ತಥ್ಯಕ್ಕೆ ಉತ್ತರ ಕೊಟ್ಟಂತಾಗುವುದು.

ಜಾತ್ರೆಯೇ ಮೇಲು, ಉದ್ಯಾನ ಕೀಳು ಎಂದು ನಾನು ವಾದಿಸುತ್ತಿದ್ದೇನೆಂದು ತಿಳಿಯಬಾರದು. ಜಾತ್ರೆಯ ಧೂಳು, ಗರ್ನಾಲಿನ ಸದ್ದು, ತೇರಿನ ಹಗ್ಗದ ಬಳಿಯ ನೂಕುನುಗ್ಗಲು ಕೂಸಿಗೆ ಯಾವ ವಿಧದಲ್ಲಿಯೂ ಹಿತವಲ್ಲ. ಕೈಕಾಲು ತೊಳೆಯಲು ನೀರೂ ನಡೆಯಲು ಶುಚಿಯಾದ ಹಾದಿಯೂ ಇರುವುದು ಉದ್ಯಾನದಲ್ಲಿಯೇ. ಆದರೆ ಜಾತ್ರೆಗೆ ಇದ್ದ ಒಂದು ಅನುಕೂಲ ಉದ್ಯಾನಕ್ಕಿಲ್ಲ. ತೇರಿನ ದಿನ ಊರೆಲ್ಲ ಬಂಧುಗಳೇ ಆದುದರಿಂದ, ಕೂಸು ತಾಯಿಯ ಕಂಕುಳಿನಿಂದ ಅತ್ತಿಗೆಯ ಕಂಕುಳಿಗೆ, ಅಲ್ಲಿಂದ ನೆರೆಮನೆಯ ಅಜ್ಜನ ಹೆಗಲಿಗೆ, ಅಲ್ಲಿಂದ ಪೌಳಿಯ ಜಗಲಿಯ ಮೇಲೆ ಕುಳಿತ ಮುತ್ತೈದೆಯರ ಮಡಿಲಿಗೆ ಸಾಗುತ್ತ, ತಾಯಿ ಬಳೆಗಾರನ ಮುಂದೆ ಅರ್ಧಗಂಟೆ ನಿಶ್ಚಿಂತೆಯಿಂದ ಕೂರುವುದು ಸಾಧ್ಯವಾಗುತ್ತಿತ್ತು. ಟಿಕೇಟು ಕೊಂಡು ಒಳಹೊಕ್ಕ ಚಿಕ್ಕ ಸಂಸಾರಕ್ಕೆ ಆ ಮಡಿಲುಗಳ ಸಾಲು ಎಲ್ಲಿಂದ ಬರಬೇಕು? ಅಜ್ಜಿಯನ್ನೂ ಅತ್ತೆಯನ್ನೂ ಜೊತೆಗೆ ಕರೆದುಕೊಂಡು ಹೋಗಿ ಎಂದು ನಾನು ಹೇಳುವುದು ಅದಕ್ಕಾಗಿಯೇ. ಮತ್ತು ಆ ಅಜ್ಜಿಯನ್ನೂ ಕೂಸು ಕಾಯುವ ಕೆಲಸಕ್ಕೆ ಮಾತ್ರ ಕರೆದೊಯ್ಯದೆ, ನಿಧಾನವಾಗಿ ತಿರುಗುವ ರಾಟೆತೊಟ್ಟಿಲಿನಲ್ಲಿ ಒಂದು ಸುತ್ತು ಕೂರಿಸಿ ಎಂದೂ ಸೇರಿಸುತ್ತೇನೆ. ಬೇಡವೆಂದು ಮೊದಲು ಹೇಳಿದವರೇ ಇಳಿಯುವಾಗ ಇನ್ನೊಂದು ಸುತ್ತಿಗೆ ಎಷ್ಟು ಹೊತ್ತು ಕಾಯಬೇಕೆಂದು ವಿಚಾರಿಸುತ್ತಾರೆ.

ಅಷ್ಟು ದೂರ ಈಗಲೇ ಬೇಡವೆನ್ನುವವರಿಗೆ ಹತ್ತಿರದ ದಾರಿಗಳೂ ಇವೆ. ಶೃಂಗೇರಿಯ ಮೀನುಗಳ ಮಾತನ್ನು ಆಗಲೇ ಹೇಳಿದೆ. ಶಿವಮೊಗ್ಗದ ಸಮೀಪದ ಸಕ್ರೆಬೈಲಿನ ಬಿಡಾರದಲ್ಲಿ ಬೆಳಗಿನ ಹೊತ್ತು ತುಂಗೆಯ ಹಿನ್ನೀರಿನಲ್ಲಿ ಆನೆಗಳು ಮೈತೊಳೆಸಿಕೊಳ್ಳುವುದನ್ನು ನೋಡಬಹುದು. 1988ರಲ್ಲಿ ಆರಂಭವಾದ ತ್ಯಾವರೆಕೊಪ್ಪದ ಧಾಮದಲ್ಲಿ ಹುಲಿ ಸಿಂಹಗಳಿವೆ. ಬೆಳಗ್ಗೆ ಹೊರಟು ಸಂಜೆಯ ಹೊತ್ತಿಗೆ ಮನೆಯ ತೊಟ್ಟಿಲಿಗೇ ಹಿಂದಿರುಗಬಹುದಾದುದರಿಂದ, ಮೊದಲ ಪ್ರಯಾಣಕ್ಕೆ ಇವು ಒಳ್ಳೆಯ ಅಭ್ಯಾಸ. ಅಲ್ಲಿಯೂ ತಾಯಿಗೆ ಸರದಿ ಉಂಟು ಎಂಬುದನ್ನು ಮಾತ್ರ ಮರೆಯಬಾರದು.

ಕಡೆಯದಾಗಿ, ಹಣದ ವಿಚಾರ. ಇಡೀ ದಿನಕ್ಕೆಂದು ಟಿಕೇಟು ಕೊಂಡವರು ಮಧ್ಯಾಹ್ನ ಮೂರು ಗಂಟೆಗೆ ಕೂಸಿನ ದೆಸೆಯಿಂದ ಹೊರಡಬೇಕಾಗಿ ಬಂದರೆ ಅರ್ಧ ಹಣ ನಷ್ಟವಾಯಿತೆಂದು ಲೆಕ್ಕ ಹಾಕುತ್ತಾರೆ. ಆ ಲೆಕ್ಕದ ಬಿಸಿ ಕೂಸಿಗೋ ತಾಯಿಗೋ ತಟ್ಟದೆ ಇರುವುದಿಲ್ಲ. ನಮ್ಮ ಸಂತೋಷಕ್ಕಾಗಿ ನಾವು ಕೊಂಡ ಟಿಕೇಟು, ನಮ್ಮ ಸಂತೋಷ ಮೂರು ಗಂಟೆಯವರೆಗೆ ನಡೆಯಿತು ಎಂದು ತಿಳಿದವರಿಗೆ ಕೂಸಿನ ಮೇಲೆ ಮುನಿಯಲು ಕಾರಣ ಸಿಕ್ಕುವುದಿಲ್ಲ. ತಮ್ಮ ಆಸೆಗೆ ಕೂಸಿನ ಹೆಸರಿಡದೆ ಹೊರಟವರ ದಿನ ಎಷ್ಟು ಚಿಕ್ಕದಾದರೂ ಪೂರ್ಣವಾಗಿಯೇ ಇರುತ್ತದೆ.

ಆದುದರಿಂದ ಹೋಗಿಬನ್ನಿ, ಕೂಸನ್ನೂ ಕರೆದುಕೊಂಡೇ ಹೋಗಿಬನ್ನಿ. ಹಿಂದಿರುಗಿದಾಗ ಮಗುವಿಗೆ ತೋರಿಸಿಕೊಂಡು ಬಂದೆವೆಂದು ನೆರೆಹೊರೆಯವರಿಗೆ ಹೇಳುವ ಬದಲು, ಯಾರು ಯಾವ ಯಂತ್ರದಲ್ಲಿ ಎಷ್ಟು ಕೂಗಿದರೆಂಬುದನ್ನು ನಿಸ್ಸಂಕೋಚವಾಗಿ ವರ್ಣಿಸಿ. ಆ ವರ್ಣನೆಯಲ್ಲಿ ಸೊಸೆಯ ಪಾಲು ಮಗನ ಪಾಲಿಗಿಂತ ಒಂದು ಹೆಚ್ಚೇ ಇದ್ದರೆ, ಜಗಲಿಯ ವಾದ ಮುಂದಿನ ಬೇಸಿಗೆಗೆ ತಾನೇ ತಾನಾಗಿ ತೀರ್ಮಾನವಾಗಿರುವುದು.